ರೆಡ್‌ವುಡ್ ಕಾಡು, ಎರಡು ಕಡ್ಡಿ ಸಿಗ್ನಲ್: ಒಂದು ಮೋಟಾರ್‌ಹೋಮ್ ಪ್ರಕರಣ

ಭಾನುವಾರ ರಾತ್ರಿ 9:30ಕ್ಕೆ ಭಾವನಿಗೆ ಮೀಟಿಂಗ್. ಬೆಂಗಳೂರಿನಲ್ಲಿ ಆಗ ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ಅಲ್ಲಿನ ತಂಡಕ್ಕೆ ವಾರ ಶುರುವಾಗುವುದೇ ಈ ಕರೆಯಿಂದ. "ಕ್ಯಾಂಪ್‌ಗ್ರೌಂಡಿನಲ್ಲಿ ವೈಫೈ ಇದೆ ಅಂತ ಬರೆದಿದಾರೆ, ಏನೂ ತೊಂದರೆ ಇಲ್ಲ" ಎಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ರಜೆಗೆ ಹೊರಡುವ ಮುಂಚೆ ಮೂರು ಸಲ ಹೇಳಿದ್ದರು. ಮೂರನೇ ಸಲ ಹೇಳಿದಾಗಲೇ ನನಗೆ ಅನುಮಾನ ಬಂದು, ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿದ್ದ ಒಂದು ಹಳೆಯ ಹೊರಾಂಗಣ ವೈಫೈ ರೇಡಿಯೋ, ಅಂಗೈ ಅಗಲದ ಒಂದು ರೌಟರ್, ಇಪ್ಪತ್ತು ಮೀಟರ್ ನೆಟ್‌ವರ್ಕ್ ಕೇಬಲ್ ಚೀಲಕ್ಕೆ ಹಾಕಿಕೊಂಡೆ. ಹೊಟ್ಟೆಪಾಡಿಗೆ ನಾನು ಮಾಡುವುದು ನೆಟ್‌ವರ್ಕ್ ಕೆಲಸವೇ. ರಜೆಯಲ್ಲೂ ಅದನ್ನೇ ಮಾಡಿದೆನೆಂದು ಅಕ್ಕ ಇವತ್ತಿಗೂ ಹಂಗಿಸುತ್ತಾಳೆ.

ನಾವು ಹೋದ ಮೋಟಾರ್‌ಹೋಮ್, ಅಂದರೆ ಒಳಗೇ ಅಡುಗೆ, ಊಟ, ನಿದ್ದೆಗೆ ಜಾಗವಿರುವ ಗಾಡಿ, ಭಾವನ ಸ್ನೇಹಿತರದು. 2004ರ ಮಾಡೆಲ್, 24 ಅಡಿ ಉದ್ದ. ಫೋರ್ಡ್ ಇ-350 ವ್ಯಾನಿನ ಮೂತಿಗೆ ಮನೆಯ ಡಬ್ಬ ಕೂರಿಸಿದ ಹಾಗಿರುವ, ಅಲ್ಲಿನವರು ಕ್ಲಾಸ್ ಸಿ ಎಂದು ಕರೆಯುವ ಜಾತಿ. ಹೊರಗೋಡೆ ಅಲ್ಯೂಮಿನಿಯಂ ತಗಡಿನದು. ಈ ತಗಡು ನೆನಪಿರಲಿ, ಕಥೆಯಲ್ಲಿ ಎರಡು ಸಲ ಬರುತ್ತದೆ.

ಜಾಗ ಉತ್ತರ ಕ್ಯಾಲಿಫೋರ್ನಿಯಾದ ಹಂಬೋಲ್ಟ್ ಕೌಂಟಿ. ಅವೆನ್ಯೂ ಆಫ್ ದಿ ಜೈಂಟ್ಸ್ ಎಂಬ 31 ಮೈಲಿಯ ಹಳೆಯ ಹೆದ್ದಾರಿ ಈಲ್ ನದಿಯ ದಕ್ಷಿಣ ಕವಲಿನ ಪಕ್ಕದಲ್ಲೇ ರೆಡ್‌ವುಡ್ ಮರಗಳ ನಡುವೆ ಹಾಯುತ್ತದೆ. ಮುನ್ನೂರು ಅಡಿ ದಾಟಿದ ಮರಗಳು ಅಲ್ಲಿ ಅಪರೂಪವಲ್ಲ. ಆಗುಂಬೆಯ ಕಾಡು ನೋಡಿ ಬೆಳೆದ ನಮಗೂ ಕತ್ತೆತ್ತಿ ನೋಡುವಾಗ ಟೋಪಿ ಬಿತ್ತು. ರೇಡಿಯೋ ಅಲೆಗಳಿಗೆ ಮಾತ್ರ ಇದು ಕೆಟ್ಟ ಜಾಗ. ಎರಡೂ ಕಡೆ ಗುಡ್ಡದ ಸಾಲು, ನಡುವೆ ನದಿಯ ಕಣಿವೆ. ಟವರ್ ಇದ್ದರೂ ಗುಡ್ಡದ ಮರೆಯಲ್ಲಿ. ಅದರ ಮೇಲೆ ನೀರು ತುಂಬಿಕೊಂಡ ಹಸಿ ಮರದ ಗೋಡೆ.

ಶುಕ್ರವಾರ ಸಂಜೆ ತಲುಪಿದಾಗ ನಮಗೆ ಸಿಕ್ಕಿದ್ದು ನದಿಯ ಕಡೆಯ ಕೊನೆಯ ಸಾಲು. ಆಫೀಸಿನಿಂದ ಹೆಚ್ಚುಕಮ್ಮಿ 90 ಮೀಟರ್. ಆಫೀಸಿನ ಸೂರಿನ ಕೆಳಗೆ ವೈಫೈ ಡಬ್ಬಿ ಇತ್ತು. ನಡುವೆ ಸ್ನಾನದ ಕಟ್ಟಡ, ಏಳೆಂಟು ಮರದ ಬೊಡ್ಡೆ, ನಮ್ಮದಕ್ಕಿಂತ ದೊಡ್ಡ ನಾಲ್ಕು ಗಾಡಿ. ಲ್ಯಾಪ್‌ಟಾಪ್ ಎರಡು ಕಡ್ಡಿ ತೋರಿಸಿತು. ಭಾವ ಬೆಂಗಳೂರಿಗೆ ಒಂದು ಪರೀಕ್ಷಾ ಕರೆ ಮಾಡಿದರು. "ಹಲೋ" ಅಂದದ್ದು ಹೋಯಿತು, ಆಮೇಲೆ ಆ ಕಡೆಯವರ ಮುಖ ಬಾಯಿ ತೆರೆದುಕೊಂಡೇ ನಿಂತುಬಿಟ್ಟಿತು.

"ಅದಕ್ಕೇ ಇದನ್ನ ತಂದಿರೋದು" ಎಂದು ಭಾವ ಸೀಟಿನ ಕೆಳಗಿನಿಂದ ಪೆಟ್ಟಿಗೆ ತೆಗೆದರು. ನಾನೂರು ಚಿಲ್ಲರೆ ಡಾಲರ್ ಕೊಟ್ಟು ಕೊಂಡ ಮೊಬೈಲ್ ಸಿಗ್ನಲ್ ಬೂಸ್ಟರ್. ಚಾವಣಿಗೆ ಒಂದು ಆಂಟೆನಾ, ಒಳಗೆ ಒಂದು ಆಂಟೆನಾ, ನಡುವೆ ವರ್ಧಕ. ಅರ್ಧ ಗಂಟೆಯಲ್ಲಿ ಜೋಡಿಸಿದ್ದಾಯಿತು. ಡಬ್ಬಿಯ ಮೇಲಿನ ಹಸಿರು ದೀಪ ಒಂದು ನಿಮಿಷ ಉರಿದು ಕೆಂಪಾಯಿತು.

ನಡೆದದ್ದು ಇಷ್ಟು. ಹೊರಗಿನ ಆಂಟೆನಾ ಹಿಡಿದದ್ದನ್ನು ಒಳಗಿನದು ಜೋರಾಗಿ ಕೂಗುತ್ತದೆ. ಎರಡೂ ಹತ್ತಿರವಿದ್ದರೆ ಒಳಗಿನ ಕೂಗನ್ನೇ ಹೊರಗಿನದು ಮತ್ತೆ ಕೇಳಿಸಿಕೊಳ್ಳುತ್ತದೆ. ಮದುವೆ ಮಂಟಪದಲ್ಲಿ ಮೈಕನ್ನು ಸ್ಪೀಕರ್ ಮುಂದೆ ಹಿಡಿದರೆ ಬರುವ "ಕುಂಯ್" ಶಬ್ದವೇ ಇದು, ಕಿವಿಗೆ ಕೇಳದು ಅಷ್ಟೇ. ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ 2013ರಲ್ಲಿ ಮಾಡಿದ ನಿಯಮದ ಪ್ರಕಾರ ಇಂಥ ಸಂದರ್ಭದಲ್ಲಿ ಬೂಸ್ಟರ್ ತಾನಾಗಿಯೇ ತಗ್ಗಬೇಕು ಅಥವಾ ಆರಬೇಕು, ಇಲ್ಲದಿದ್ದರೆ ಟವರಿಗೇ ಕಿರಿಕಿರಿ. ಆ ಕೆಂಪು ದೀಪ ಡಬ್ಬಿ ಕೆಟ್ಟದ್ದರ ಗುರುತಲ್ಲ, ನಿಯಮ ಪಾಲಿಸಿದ್ದರ ಗುರುತು.

ಆಂಟೆನಾಗಳನ್ನು ಗಾಡಿಯ ಎರಡು ತುದಿಗೆ ಸರಿಸಿದ ಮೇಲೆ ದೀಪ ಹಸಿರಾಯಿತು. ಆದರೂ ಇಂಟರ್ನೆಟ್ ತೆವಳುತ್ತಲೇ ಇತ್ತು. ನನ್ನ ಐಫೋನಿನಲ್ಲಿ *3001#12345#* ಒತ್ತಿ ಒಳಗಿನ ಅಳತೆ ನೋಡಿದೆ. ಕಡ್ಡಿಗಳನ್ನು ಎಷ್ಟಕ್ಕೆ ಎಷ್ಟು ತೋರಿಸಬೇಕೆಂಬುದು ಫೋನ್ ಮಾಡಿದವರ ಇಷ್ಟ. ಸತ್ಯ ಇರುವುದು ಡಿಬಿಎಂ ಎಂಬ ಋಣ ಸಂಖ್ಯೆಯಲ್ಲಿ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ನಾಲ್ಕನೇ ತಲೆಮಾರಿನ ಸಂಪರ್ಕದಲ್ಲಿ −80 ಅಂದರೆ ಹಬ್ಬ, −100 ಅಂದರೆ ನಡೆಯುತ್ತದೆ, −120 ಅಂದರೆ ಉಸಿರು ಎಳೆಯುತ್ತಿದೆ. ಬೂಸ್ಟರ್ ಇಲ್ಲದೆ ಗಾಡಿಯ ಹೊರಗೆ ನಿಂತು ನೋಡಿದರೆ −121. ಬೂಸ್ಟರ್ ದುಡ್ಡು ಮುದ್ರಿಸುವ ಯಂತ್ರವಲ್ಲ, ಇರುವ ನಾಣ್ಯವನ್ನು ಭೂತಗನ್ನಡಿಯಲ್ಲಿ ತೋರಿಸುತ್ತದೆ. ಸಿಗ್ನಲ್ ಜೊತೆಗೆ ಗದ್ದಲವನ್ನೂ ಅಷ್ಟೇ ಹಿಗ್ಗಿಸುತ್ತದೆ. ಅದರ ಮೇಲೆ, ಈಗಿನ ಫೋನುಗಳು ಎರಡು ಅಥವಾ ನಾಲ್ಕು ಆಂಟೆನಾದಲ್ಲಿ ಒಟ್ಟಿಗೆ ದತ್ತಾಂಶ ಎಳೆದುಕೊಳ್ಳುತ್ತವೆ. ಒಂದೇ ಆಂಟೆನಾದ ಬೂಸ್ಟರ್ ನಡುವೆ ಬಂದರೆ ಆ ಲಾಭವೂ ಹೋಯಿತು. −105ರ ಆಸುಪಾಸಿನ ಜಾಗದಲ್ಲಿ ಅದೇ ಡಬ್ಬಿ ಉಪಯೋಗಕ್ಕೆ ಬರುತ್ತಿತ್ತೇನೋ, ಈ ಕಣಿವೆಯಲ್ಲಲ್ಲ.

ಒಂದು ಮಾತು ಊರಿನವರಿಗೆ: ಕ್ಯಾರವಾನ್ ಕಟ್ಟಿಸಿಕೊಂಡು ಪಶ್ಚಿಮಘಟ್ಟ ಸುತ್ತುವವರು ಈಗ ನಮ್ಮಲ್ಲೂ ಇದ್ದಾರೆ. ಭಾರತದಲ್ಲಿ ಪರವಾನಗಿ ಇಲ್ಲದೆ ಮೊಬೈಲ್ ಬೂಸ್ಟರ್ ಇಟ್ಟುಕೊಳ್ಳುವುದೇ ಅಪರಾಧ. ಆನ್‌ಲೈನಿನಲ್ಲಿ ಸಿಗುತ್ತದೆಂದು ತರಿಸಿಕೊಳ್ಳಬೇಡಿ. ಮುಂದೆ ಹೇಳುವ ವೈಫೈ ಜೋಡಣೆಗೆ ಆ ತೊಡಕಿಲ್ಲ, ಅದು ಬಳಸುವ 2.4 ಗಿಗಾಹರ್ಟ್ಸ್ ತರಂಗಾಂತರ ಭಾರತದಲ್ಲೂ ಪರವಾನಗಿ ಬೇಡದ ಪಟ್ಟಿಯಲ್ಲೇ ಇದೆ.

ನಾನು ಆಗಲೇ ರೇಡಿಯೋ ಕಟ್ಟಲು ಏಳುತ್ತಿದ್ದೆ. "ಮೊದಲು ಉಣ್ಣೋ, ಸಾರು ಆರತ್ತೆ" ಅಂದಳು ಅಕ್ಕ. ಒಳ್ಳೆಯದೇ ಆಯಿತು. ಅಳೆಯದೆ ಕಟ್ಟಲು ಹೊರಟಿದ್ದೆ.

ಶನಿವಾರ ಬೆಳಿಗ್ಗೆ ಆರೂವರೆಗೆ ಲ್ಯಾಪ್‌ಟಾಪ್ ಹಿಡಿದು ಆಫೀಸಿನ ಮುಂದಿನ ಬೆಂಚಿಗೆ ಹೋದೆ. ಅಲ್ಲಿ ವೈಫೈ −48 ಡಿಬಿಎಂ (ವೈಫೈ ಅಂಕಿಗಳನ್ನು ಮೇಲಿನ ಮೊಬೈಲ್ ಅಂಕಿಗಳ ಜೊತೆ ಹೋಲಿಸುವಂತಿಲ್ಲ). ಪಿಂಗ್ ಎಂದರೆ "ಇದೀಯಾ?" ಎಂದು ಕೂಗಿ "ಇದೀನಿ" ಎಂಬ ಉತ್ತರ ಬರುವ ತನಕ ಹಿಡಿದ ಸಮಯ. ನಾನು ಎರಡು ಕಡೆಗೆ ಕೂಗಿದೆ. ಒಂದು, ಕ್ಯಾಂಪ್‌ಗ್ರೌಂಡಿನ ರೌಟರಿಗೆ. ಇನ್ನೊಂದು, ಹೊರಲೋಕದ 8.8.8.8ಕ್ಕೆ, ಅಂದರೆ ಇಂಟರ್ನೆಟ್ಟಿನಲ್ಲಿರುವ ಗೂಗಲ್ ಸರ್ವರಿಗೆ. ರೌಟರ್ 3 ಮಿಲಿಸೆಕೆಂಡಿನಲ್ಲಿ ಓಗೊಟ್ಟಿತು, ಹೊರಲೋಕ 30ರಲ್ಲಿ. ಇಳಿಕೆ (ಡೌನ್‌ಲೋಡ್) ವೇಗ 14 ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಅಷ್ಟು ಮೆಗಾಬಿಟ್; ಏರಿಕೆ (ಅಪ್‌ಲೋಡ್) ಬರೀ 0.9. ಅಂದರೆ ಆಫೀಸಿಗೆ ಬಂದಿರುವುದು ಹಳೆಯ ಟೆಲಿಫೋನ್ ತಂತಿಯ ಸಂಪರ್ಕ, ಇಳಿಯಲು ಹೆಬ್ಬಾಗಿಲು, ಏರಲು ಕಿಟಕಿ. ಈ 0.9 ಅನ್ನು ಬರೆದುಕೊಂಡೆ, ಆದರೆ ಅದರ ಅರ್ಥ ಹೊಳೆಯಲು ಮರುದಿನ ಮಧ್ಯಾಹ್ನವಾಗಬೇಕಾಯಿತು.

ಅಲ್ಲಿಂದ ಹೆಜ್ಜೆಹೆಜ್ಜೆಗೆ ನಿಂತು ನೋಡುತ್ತ ವಾಪಸು ಬಂದೆ. ಸ್ನಾನದ ಕಟ್ಟಡದ ಮರೆಗೆ ಬಂದದ್ದೇ ತಡ −48 ಇದ್ದದ್ದು −70ಕ್ಕೆ ಕುಸಿಯಿತು. ನಮ್ಮ ಗಾಡಿಯ ಹೊರಗೆ −75. ಬಾಗಿಲು ಹಾಕಿಕೊಂಡು ಊಟದ ಮೇಜಿನಲ್ಲಿ ಕೂತರೆ −84. ಈ ಲೆಕ್ಕದಲ್ಲಿ ಹತ್ತು ಅಂಕ ಇಳಿದರೆ ಶಕ್ತಿ ಹತ್ತರಲ್ಲಿ ಒಂದು ಪಾಲು. ತಗಡಿನ ಗೋಡೆಯೊಂದೇ 9 ಅಂಕ ತಿಂದಿತ್ತು, ಎಂಟರಲ್ಲಿ ಒಂದು ಪಾಲು ಒಳಗೆ ಬಂದಂತೆ. ಅದೂ ಬಂದದ್ದು ಕಿಟಕಿಗಳಿಂದ. ಮೇಜಿನಿಂದ ಕೂಗಿದ ಹತ್ತು ಪಿಂಗ್‌ನಲ್ಲಿ ಮೂರು ಆಫೀಸಿನ ರೌಟರಿಗೇ ಮುಟ್ಟುತ್ತಿರಲಿಲ್ಲ.

ಇಲ್ಲಿ ಬಹಳ ಜನ ಮರೆಯುವ ಸಂಗತಿ ಒಂದಿದೆ. ಕಡ್ಡಿ ತೋರಿಸುವುದು ಅವರ ದನಿ ನಮಗೆ ಎಷ್ಟು ಕೇಳುತ್ತಿದೆ ಎಂಬುದನ್ನು. ನಮ್ಮ ದನಿ ಅವರಿಗೆ ಕೇಳುತ್ತಿದೆಯೇ ಎಂಬುದನ್ನಲ್ಲ. ಸೂರಿನ ಕೆಳಗಿನ ಡಬ್ಬಿ ಗಂಟಲು ಹರಿಯುವಂತೆ ಕೂಗುತ್ತದೆ, ಬ್ಯಾಟರಿ ಉಳಿಸಿಕೊಳ್ಳುವ ಲ್ಯಾಪ್‌ಟಾಪ್ ಪಿಸುಗುಡುತ್ತದೆ. ಹೊಳೆಯ ಆಚೆಯವನ ಕೂಗು ನಮಗೆ ಕೇಳಿ, ನಮ್ಮ ಉತ್ತರ ಅವನಿಗೆ ಕೇಳದೆ, ಅವನು ಮತ್ತೆ ಮತ್ತೆ ಕೂಗಿದ ಹಾಗೆ. ಆದ್ದರಿಂದ ಬೇಕಾದದ್ದು ಎರಡೂ ದಿಕ್ಕಿನಲ್ಲಿ ನೆರವಾಗುವ, ಒಂದೇ ಕಡೆ ಮುಖ ಮಾಡಿದ ಆಂಟೆನಾ. ಅದೂ ಗಾಡಿಯ ಹೊರಗೆ, ಎತ್ತರದಲ್ಲಿ.

ಮೊದಲ ಕೆಲಸಕ್ಕೆ ಕಾಸಿನ ಖರ್ಚಿಲ್ಲ. ಗಾಡಿಯನ್ನು ತಿರುಗಿಸಿದೆವು. ಮೂತಿ ಆಫೀಸಿನ ಕಡೆಗಿತ್ತು, ಏಣಿ ಇರುವುದು ಹಿಂಭಾಗದಲ್ಲಿ. ಹಿಂಭಾಗ ಆಫೀಸಿನ ಕಡೆಗೆ ಬಂದು, ಗಾಡಿ ಎರಡು ಮೀಟರ್ ಎಡಕ್ಕೆ ಸರಿದಾಗ ಸ್ನಾನದ ಕಟ್ಟಡದ ಅಂಚು ದಾಟಿ ಸೂರಿನ ಡಬ್ಬಿ ಬರಿಗಣ್ಣಿಗೆ ಕಂಡಿತು. ಭಾವ ಸ್ಟಿಯರಿಂಗ್ ಹಿಡಿದಿದ್ದರು, ನಾನು ಹಿಂದೆ ನಿಂತು "ಬರ್ಲಿ, ಬರ್ಲಿ, ಸಾಕು" ಎಂದು ಬಸ್ ಸ್ಟ್ಯಾಂಡಿನ ಕಂಡಕ್ಟರನಂತೆ ಕೂಗುತ್ತಿದ್ದೆ. ಪಕ್ಕದ ಗಾಡಿಯವರು ಕಾಫಿ ಹಿಡಿದು ಹೊರಗೆ ಬಂದು ನೋಡಿದರು.

ಏಣಿಗೆ ಎರಡು ಮೀಟರಿನ ಕಂಬ ಬಿಗಿದು, ತುದಿಗೆ ರೇಡಿಯೋ ಕಟ್ಟಿದೆ. ನೆಲದಿಂದ ಐದು ಮೀಟರ್, ಸುತ್ತಲಿನ ಗಾಡಿಗಳ ಚಾವಣಿಗಿಂತ ಮೇಲೆ. ಐವತ್ತು ಅರವತ್ತು ಡಾಲರಿಗೆ ಸಿಗುವ ಈ ಥರದ ಡಬ್ಬಿಯಲ್ಲಿ ಆಂಟೆನಾ ಮತ್ತು ರೇಡಿಯೋ ಒಂದೇ ಹೊಟ್ಟೆಯಲ್ಲಿರುತ್ತವೆ. ಇದು ದೊಡ್ಡ ಅನುಕೂಲ. ಬರಿಯ ಆಂಟೆನಾವನ್ನು ಮೇಲೆ ಕಟ್ಟಿ, ಟಿವಿ ಕೇಬಲ್ಲಿನಂಥ ಕೋಆಕ್ಸ್ ತಂತಿಯಲ್ಲಿ ಸಿಗ್ನಲ್ ಇಳಿಸಿದರೆ ದಾರಿಯಲ್ಲೇ ಸೋರಿಹೋಗುತ್ತದೆ. ಅಗ್ಗದ ಆರ್‌ಜಿ-58 ತಂತಿ ಈ ತರಂಗಾಂತರದಲ್ಲಿ ಮೀಟರಿಗೆ ಸುಮಾರು ಒಂದು ಡೆಸಿಬೆಲ್, ಅಂದರೆ ಮೇಲಿನ ಲೆಕ್ಕದ ಒಂದು ಅಂಕ, ನುಂಗುತ್ತದೆ. ಹತ್ತು ಮೀಟರ್ ಎಳೆದರೆ ಹತ್ತರಲ್ಲಿ ಒಂಬತ್ತು ಪಾಲು ಮಾಯ, ದುಬಾರಿ ಆಂಟೆನಾ ಕೊಂಡದ್ದೂ ನೀರಿನಲ್ಲಿ ಹೋಮ. ನಮ್ಮದರಲ್ಲಿ ಕೆಳಗೆ ಇಳಿಯುವುದು ನೆಟ್‌ವರ್ಕ್ ಕೇಬಲ್, ವಿದ್ಯುತ್ತೂ ಅದರಲ್ಲೇ ಮೇಲೆ ಹೋಗುತ್ತದೆ. ಕೇಬಲ್ಲನ್ನು ಕರೆಂಟ್ ವೈರ್ ಹೊರಬರುವ ಚಿಕ್ಕ ಮುಚ್ಚಳದ ಮೂಲಕ ಒಳಗೆ ತೂರಿಸಿದೆ. ಚಾವಣಿಗೆ ತೂತು ಕೊರೆಯಬೇಡಿ, ಗಾಡಿ ಬೇರೆಯವರದ್ದಾದರೆ ಮೊದಲೇ ಬೇಡ.

ದಿಕ್ಕು ಹಿಡಿಯುವುದೇ ತಾಳ್ಮೆ ಬೇಡುವ ಭಾಗ. ಅಕ್ಕನ ಮಗಳು ಒಳಗೆ ಲ್ಯಾಪ್‌ಟಾಪ್ ನೋಡುತ್ತ ಅಂಕಿ ಕೂಗುತ್ತಿದ್ದಳು, ನಾನು ಏಣಿಯ ಮೇಲೆ ಕಂಬವನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದೆ. ಸೂರಿನ ಡಬ್ಬಿಗೆ ನೇರವಾಗಿ ಗುರಿಯಿಟ್ಟಾಗ −69. ಸ್ವಲ್ಪ ಬಲಕ್ಕೆ, ಎರಡು ಬೊಡ್ಡೆಗಳ ನಡುವಿನ ಸಂದಿಗೆ ತಿರುಗಿಸಿದಾಗ −63. ಅಲೆ ದಾರದಂತೆ ನೇರ ಹೋಗುವುದಿಲ್ಲ, ನಡುವಿನಲ್ಲಿ ಸೌತೆಕಾಯಿಯಂತೆ ಉಬ್ಬುತ್ತದೆ. 90 ಮೀಟರ್ ದೂರಕ್ಕೆ, 2.4 ಗಿಗಾಹರ್ಟ್ಸ್‌ನಲ್ಲಿ, ನಟ್ಟನಡುವೆ ಆ ಉಬ್ಬಿನ ತ್ರಿಜ್ಯ ಸುಮಾರು 1.7 ಮೀಟರ್. ಕಣ್ಣಿಗೆ ಡಬ್ಬಿ ಕಂಡರೂ ಪಕ್ಕದ ಬೊಡ್ಡೆ ಆ ಉಬ್ಬಿಗೆ ಅಡ್ಡವಾಗಿದ್ದರೆ ನಷ್ಟವೇ. ಏನೇ ಆಗಲಿ, ಮೇಜಿನ −84ರಿಂದ −63ಕ್ಕೆ ಬಂದೆವು. 21 ಡೆಸಿಬೆಲ್ ಎಂದರೆ ನೂರು ಪಟ್ಟಿಗೂ ಮಿಕ್ಕಿದ ಶಕ್ತಿ.

ಕೇಬಲ್ಲಿನ ಒಳತುದಿ ನನ್ನ ಚಿಕ್ಕ ರೌಟರಿಗೆ. ಅದು ಗಾಡಿಯೊಳಗೆ ನಮ್ಮದೇ ವೈಫೈ ಹರಡುತ್ತದೆ, ಅದನ್ನು 5 ಗಿಗಾಹರ್ಟ್ಸ್‌ನಲ್ಲಿ ಇಟ್ಟೆ. ಅಂಗಡಿಯಲ್ಲಿ ಸಿಗುವ ಅಗ್ಗದ ರಿಪೀಟರುಗಳು ಒಂದೇ ರೇಡಿಯೋದಲ್ಲಿ ಕೇಳಿ, ಅದರಲ್ಲೇ ಮರುಕೂಗುವುದರಿಂದ ವೇಗ ಅರ್ಧವಾಗುತ್ತದೆ. ಹೊರಗೊಂದು ಒಳಗೊಂದು ತರಂಗಾಂತರವಾದರೆ ಆ ಜಗಳವಿಲ್ಲ.

ಎಲ್ಲ ಸರಿಯಾಯಿತೆಂದು ಕೂತರೆ ಒಂದು ಪುಟವೂ ತೆರೆಯಲಿಲ್ಲ. ಹತ್ತು ನಿಮಿಷ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಕ್ಯಾಂಪ್‌ಗ್ರೌಂಡಿನ ಜಾಲದ ವಿಳಾಸಗಳು 192.168.1ರಿಂದ ಶುರು, ನನ್ನ ರೌಟರಿನದೂ ಅದೇ. ಒಂದೇ ಬೀದಿಯಲ್ಲಿ ಒಂದೇ ನಂಬರಿನ ಎರಡು ಮನೆ ಇದ್ದರೆ ಅಂಚೆಯವನು ಏನು ಮಾಡಿಯಾನು? ನಮ್ಮದನ್ನು 192.168.50 ಮಾಡಿದೆ, ಹರಿಯಿತು. ಈ ತಪ್ಪನ್ನು ಕೆಲಸದಲ್ಲಿ ಯಾರಾದರೂ ಮಾಡಿದ್ದರೆ ನಾನು ನಗುತ್ತಿದ್ದೆ.

ಒಂದು ಗಾಡಿಗೆ ಎರಡೇ ಉಪಕರಣ ಎಂಬ ನಿಯಮ ಲಾಗಿನ್ ಪುಟದಲ್ಲಿತ್ತು. ರೌಟರ್ ಇಟ್ಟರೆ ಎಲ್ಲವೂ ಒಂದೇ ಉಪಕರಣದಂತೆ ಕಾಣುತ್ತವೆ. ಸುಮ್ಮನಿರಲು ಮನಸ್ಸಾಗದೆ ಆಫೀಸಿನ ಹೆಂಗಸಿಗೆ ಹೇಳಿದೆ. "ಹೇಗೂ ರಾತ್ರಿ ಯಾರಿಗೂ ಬರಲ್ಲ, ಇಟ್ಕೊಳ್ಳಿ" ಎನ್ನುವ ಅರ್ಥದ ಮಾತಾಡಿ ನಕ್ಕರು.

ಅವರ ಮಾತು ನಿಜವಾಯಿತು. ಶನಿವಾರ ರಾತ್ರಿ ಒಂಬತ್ತಕ್ಕೆ ಸಿಗ್ನಲ್ −63ರಲ್ಲೇ ಇತ್ತು, ಆಫೀಸಿನ ರೌಟರ್ 5 ಮಿಲಿಸೆಕೆಂಡಿನಲ್ಲಿ ಓಗೊಡುತ್ತಿತ್ತು, ಒಂದೂ ಪಿಂಗ್ ಕಳೆಯಲಿಲ್ಲ. ಹೊರಲೋಕ ಮಾತ್ರ 900 ಮಿಲಿಸೆಕೆಂಡ್. ಇಳಿಕೆ 0.6 ಎಂಬಿಪಿಎಸ್. ಟಾರ್ಚ್ ಹಿಡಿದು ಆಫೀಸಿನ ಬೆಂಚಿಗೆ ಹೋಗಿ ನೋಡಿದರೆ ಅಲ್ಲೂ ಅದೇ 900. ಕೊಳವೆ ಬದಲಾಯಿಸಿದ್ದಾಯಿತು, ಟ್ಯಾಂಕಿನಲ್ಲೇ ನೀರಿಲ್ಲ. ಎಲ್ಲ ಗಾಡಿಗಳಲ್ಲೂ ಸಿನಿಮಾ ನೋಡುವ ಹೊತ್ತು ಅದು. "ಬೂಸ್ಟರ್ ವಿಷಯದಲ್ಲಿ ನನ್ನ ಆಡ್ಕೊಂಡೆ, ಈಗ ನಿಂದೇನಾಯ್ತು?" ಅಂದರು ಭಾವ. ನನ್ನಲ್ಲಿ ಉತ್ತರವಿರಲಿಲ್ಲ.

ಭಾನುವಾರ ಮಧ್ಯಾಹ್ನ ಅರ್ಧ ಕ್ಯಾಂಪ್‌ಗ್ರೌಂಡ್ ಖಾಲಿ, ಜನರೆಲ್ಲ ನದಿಯಲ್ಲಿ. ಆದರೂ ಪಿಂಗ್ 600. ಸಿನಿಮಾ ನೋಡುವವರಿಲ್ಲದ ಹೊತ್ತಲ್ಲಿ ಯಾರು ತಿನ್ನುತ್ತಿದ್ದಾರೆ? ನನ್ನ ರೌಟರಿನ ಲೆಕ್ಕದ ಪುಟ ತೆಗೆದೆ. ನಾವೇ.

ನಾಲ್ಕು ಜನ, ಏಳು ಉಪಕರಣ. ಮರ ತಬ್ಬಿಕೊಂಡ, ಮರದಡಿ ನಿಂತ, ಮರದ ಮೇಲೆ ಕೂತ ಫೋಟೋ ವಿಡಿಯೊಗಳನ್ನೆಲ್ಲ ನಾಲ್ಕೂ ಫೋನುಗಳು ಸದ್ದಿಲ್ಲದೆ ಕ್ಲೌಡಿಗೆ ಏರಿಸುತ್ತಿದ್ದವು. ಏರುವ ಕಿಟಕಿ 0.9 ಎಂಬಿಪಿಎಸ್. ಅದು ಕಟ್ಟಿಕೊಂಡರೆ ಇಳಿಯುವುದೂ ನಿಲ್ಲುತ್ತದೆ, ಏಕೆಂದರೆ ಇಳಿದದ್ದಕ್ಕೆಲ್ಲ "ಮುಟ್ಟಿತು" ಎಂಬ ರಸೀದಿ ಅದೇ ಕಿಟಕಿಯಲ್ಲಿ ಹೊರಗೆ ಹೋಗಬೇಕು. ಶುಕ್ರವಾರ ನಮ್ಮ ಸಂಪರ್ಕ ದುರ್ಬಲವಾಗಿದ್ದಾಗ ನಮ್ಮಿಂದ ಯಾರಿಗೂ ಹಾನಿಯಿರಲಿಲ್ಲ. ನಾನು ಅದನ್ನು ನೂರು ಪಟ್ಟು ಬಲಪಡಿಸಿದ ಮೇಲೆ ಇಡೀ ಕ್ಯಾಂಪ್‌ಗ್ರೌಂಡಿನ ಗಂಟಲು ಹಿಡಿದದ್ದು ನಮ್ಮ ಗಾಡಿ. ಶನಿವಾರ ರಾತ್ರಿಯ ಆ 900ರಲ್ಲಿ ಎಷ್ಟು ಪಾಲು ನೆರೆಯವರ ಸಿನಿಮಾದ್ದು, ಎಷ್ಟು ಪಾಲು ನಮ್ಮ ಫೋಟೋಗಳದು ಎಂದು ಯೋಚಿಸಿದರೆ ಈಗಲೂ ಮುಖ ಬಿಸಿಯಾಗುತ್ತದೆ.

ನಾಲ್ಕೂ ಫೋನುಗಳಲ್ಲಿ ಬ್ಯಾಕಪ್ ನಿಲ್ಲಿಸಿದೆ. ಪಿಂಗ್ 600ರಿಂದ 40ಕ್ಕೆ ಬಿತ್ತು. ಮತ್ತೆ ಯಾರಾದರೂ ಮರೆತು ಶುರುಮಾಡಿದರೆ ಇರಲಿ ಎಂದು ರೌಟರಿನಲ್ಲಿ ನಮ್ಮ ಒಟ್ಟು ಏರಿಕೆಗೆ 0.3 ಎಂಬಿಪಿಎಸ್ ಮಿತಿ ಹಾಕಿದೆ. ಓಪನ್‌ಡಬ್ಲ್ಯೂಆರ್‌ಟಿ ತಂತ್ರಾಂಶದ ರೌಟರುಗಳಲ್ಲಿ ಎಸ್‌ಕ್ಯೂಎಂ ಎಂಬ ಸೌಲಭ್ಯ ಇದೇ ಕೆಲಸಕ್ಕಿದೆ, ಕರೆಯ ಚಿಕ್ಕ ಪೊಟ್ಟಣಗಳು ದೊಡ್ಡ ಕಡತಗಳ ಹಿಂದೆ ಸಾಲು ನಿಲ್ಲದಂತೆ ಅದು ನೋಡಿಕೊಳ್ಳುತ್ತದೆ.

ಕೈಯಲ್ಲಿ ಇನ್ನೆರಡು ದಾರಿಗಳಿದ್ದವು. ಒಂದು, ಗಾಡಿ ಹೊರಡಿಸಿಕೊಂಡು ಗಾರ್ಬರ್‌ವಿಲ್ ಊರಿಗೆ ಹೋಗಿ ಯಾವುದಾದರೂ ಅಂಗಡಿಯ ಮುಂದೆ ನಿಲ್ಲಿಸಿ ಮೊಬೈಲಿನಲ್ಲಿ ಮಾತಾಡುವುದು. ಕಂಬ ಬಿಚ್ಚಿ, ನೀರು ಕರೆಂಟು ಬಿಚ್ಚಿ, ಪಾತ್ರೆ ಕಟ್ಟಿ ಹೊರಡಬೇಕು. ಅಕ್ಕ ಬೇಡವೆಂದಳು. ಇನ್ನೊಂದು, ಪಕ್ಕದ ಗಾಡಿಯ ನಿವೃತ್ತ ದಂಪತಿಯ ಸ್ಟಾರ್‌ಲಿಂಕ್, ಅಂದರೆ ತಟ್ಟೆಯಂಥ ಆಂಟೆನಾದಲ್ಲಿ ಉಪಗ್ರಹದಿಂದ ಬರುವ ಇಂಟರ್ನೆಟ್. ಅವರು ಮೊದಲ ದಿನ ತಟ್ಟೆಯನ್ನು ಚಾವಣಿಯ ಮೇಲಿಟ್ಟು ಕೈ ಸುಟ್ಟುಕೊಂಡಿದ್ದರು. ಆ ಉಪಗ್ರಹಗಳು ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿ ಓಡುತ್ತಲೇ ಇರುತ್ತವೆ. ತಟ್ಟೆಗೆ ಅಗಲವಾದ ಬಯಲು ಆಕಾಶ ಬೇಕು, ರೆಡ್‌ವುಡ್ ಕೆಳಗೆ ಸಿಗುವುದು ಬಾವಿಯೊಳಗಿಂದ ಕಾಣುವಷ್ಟು. ಆಮೇಲೆ ಅವರು ಉದ್ದನೆಯ ಕೇಬಲ್ ಎಳೆದು ತಟ್ಟೆಯನ್ನು ನದಿಯ ಜಲ್ಲಿದಂಡೆಯಲ್ಲಿ ಇಟ್ಟುಕೊಂಡರು. ಬೇಸಿಗೆಯಲ್ಲಿ ಈಲ್ ನದಿ ಸೊರಗಿ ದಂಡೆ ಅಗಲವಾಗಿರುತ್ತದೆ. "ಬೇಕಾದರೆ ನಮ್ಮದನ್ನು ಬಳಸಿ" ಎಂದು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟರು. ಅಕ್ಕ ಒಂದು ಡಬ್ಬಿ ಕೋಡುಬಳೆ ಕಳಿಸಿದಳು.

ರಾತ್ರಿ ಒಂಬತ್ತೂಕಾಲಿಗೆ ಪಿಂಗ್ 180ರ ಆಸುಪಾಸು ಹೊಯ್ದಾಡುತ್ತಿತ್ತು, ಇಳಿಕೆ 1.8. ಧ್ವನಿಗೆ 0.1 ಎಂಬಿಪಿಎಸ್ ಇದ್ದರೆ ಧಾರಾಳ, ಹೊಟ್ಟೆಬಾಕ ವಿಡಿಯೊ ಮಾತ್ರ. ತೋರಿಸಬೇಕಾದ ಸ್ಲೈಡುಗಳನ್ನು ಭಾವ ಬೆಳಿಗ್ಗೆಯೇ ತಂಡಕ್ಕೆ ಕಳಿಸಿದ್ದರು. ಕ್ಯಾಮೆರಾ ಆರಿಸಿ, ಬರೀ ದನಿಯಲ್ಲಿ ಐವತ್ತು ನಿಮಿಷ ಮಾತಾಡಿದರು. ನಡುವೆ ಒಮ್ಮೆ ಅವರ ದನಿ ರೋಬೋಟಿನಂತಾಯಿತಂತೆ. ನೆರೆಯವರ ಚೀಟಿ ಜೇಬಿನಲ್ಲೇ ಉಳಿಯಿತು.

ಮಾತು ನಡೆಯುತ್ತಿದ್ದಾಗ ಅಕ್ಕ ಮೈಕ್ರೋವೇವಿನಲ್ಲಿ ಹಾಲು ಬಿಸಿಗಿಟ್ಟಳು. ನಾನು ಬೆಚ್ಚಿಬಿದ್ದೆ. ಆ ಒಲೆ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸ್‌ನಲ್ಲಿ, ಶುಕ್ರವಾರ ಅವಳು ಅನ್ನ ಬಿಸಿ ಮಾಡಿದಷ್ಟು ಹೊತ್ತು ವೈಫೈ ಸತ್ತೇಹೋಗಿತ್ತು. ಈ ಸಲ ಅಂಕಿ ಅಲುಗಲಿಲ್ಲ. ಒಲೆ ತಗಡಿನ ಒಳಗೆ, ಆಂಟೆನಾ ತಗಡಿನ ಹೊರಗೆ. ಎರಡು ದಿನ ನಾನು ಬೈದ ಗೋಡೆ ಈಗ ನಮ್ಮ ಪಕ್ಷದಲ್ಲಿತ್ತು.

ಹನ್ನೊಂದರ ಹೊತ್ತಿಗೆ ಸುತ್ತಲಿನ ದೀಪಗಳು ಆರಿದವು. ಇಳಿಕೆ 13ಕ್ಕೆ ಏರಿತು. ಅಕ್ಕ ಸಾಗರದಲ್ಲಿರುವ ಅಮ್ಮನಿಗೆ ವಿಡಿಯೊ ಕರೆ ಮಾಡಿದಳು, ಅಲ್ಲಿ ಬೆಳಗಿನ ಹನ್ನೊಂದೂವರೆ. ಅಮ್ಮ ಅಡುಗೆಮನೆಯ ಬೆಳಕಿನಲ್ಲಿ ನಿಚ್ಚಳವಾಗಿ ಕಂಡಳು. ಮರ ತೋರಿಸೆಂದು ಅಕ್ಕ ಫೋನ್ ನನ್ನ ಕೈಗೆ ಕೊಟ್ಟಳು. ನಾನು ಹೊರಗೆ ಬಂದು ಟಾರ್ಚ್ ಬಿಟ್ಟು ಮೇಲಕ್ಕೆ ಹಿಡಿದೆ. ಬೆಳಕು ಬೊಡ್ಡೆಯ ಅರ್ಧಕ್ಕೂ ಮುಟ್ಟಲಿಲ್ಲ.

"ಬರೀ ಕತ್ತಲೆ ಕಾಣತ್ತೆ" ಅಂದಳು ಅಮ್ಮ. "ನೆಟ್‌ವರ್ಕ್ ಸರಿಯಿಲ್ವೇನೋ ಅಲ್ಲಿ?"